ಗಿಟಾರ್ ಸೆಟಪ್ ಕಿಟ್: ಸ್ಕೇಲ್ ಚೆನ್ನಾಗಿದೆ, ಅಲೆನ್ ಕೀ ಬೇಡ

ತೀರ್ಥಹಳ್ಳಿ ಕಡೆ ಎಲೆಕ್ಟ್ರಿಕ್ ಗಿಟಾರ್ ಇಟ್ಟುಕೊಂಡವರಿಗೆ ಜೂನ್ ಬಂತೆಂದರೆ ತಲೆನೋವು ಶುರು. ಗಾಳಿಯ ತುಂಬಾ ತೇವ. ನನ್ನ ಸ್ಕ್ವಯರ್ ಸ್ಟ್ರಾಟ್ ಗಿಟಾರ್‌ನ ನೆಕ್ (ಉದ್ದನೆಯ ಹಿಡಿ) ಮುಂದಕ್ಕೆ ಬಾಗುತ್ತದೆ, ತಂತಿ ಮೇಲೇಳುತ್ತದೆ, ಒಂದೇ ಬೆರಳಲ್ಲಿ ಹಲವು ತಂತಿ ಒತ್ತುವ ಬಾರ್ ಕಾರ್ಡ್ ಹಿಡಿದರೆ ಕೈ ಸೋಲುತ್ತದೆ. ಪ್ರತಿ ಸಲ ಬೆಂಗಳೂರಿಗೆ ಹೊತ್ತುಕೊಂಡು ಹೋಗೋಕಾಗುತ್ತಾ? ಹೋದರೂ ಅಲ್ಲಿನ ಹವೆಗೆ ಸರಿಮಾಡಿಸಿದ್ದು ನಮ್ಮ ಮಳೆಗೆ ನಿಲ್ಲುವುದಿಲ್ಲ. ಅದಕ್ಕೇ ಆನ್‌ಲೈನ್‌ನಲ್ಲಿ ಸಾವಿರ ರೂಪಾಯಿಯೊಳಗೆ ಸಿಗುವ ಒಂದು ಸೆಟಪ್ ಕಿಟ್, ಅಂದರೆ ನೆಕ್, ತಂತಿ ಸರಿಹೊಂದಿಸುವ ಸಲಕರಣೆಗಳ ಡಬ್ಬಿ, ತರಿಸಿದೆ. ಕಂಪನಿ ಹೆಸರು ಡಬ್ಬಿಯ ಮೇಲೂ ಇಲ್ಲ.

ಇದರಲ್ಲಿ ದುಡ್ಡಿಗೆ ಮೋಸವಿಲ್ಲದ ವಸ್ತು ಅಂದರೆ ಪುಟ್ಟ ಸ್ಟೀಲ್ ಸ್ಕೇಲ್. ಮಕ್ಕಳ ಸ್ಕೇಲ್‌ನಲ್ಲಿ ಸೊನ್ನೆಗೆ ಮುಂಚೆ ಸ್ವಲ್ಪ ಖಾಲಿ ಜಾಗ ಇರುತ್ತದಲ್ವಾ, ಇದರಲ್ಲಿ ತುದಿಯಿಂದಲೇ ಸೊನ್ನೆ. 17ನೇ ಫ್ರೆಟ್ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ಮೇಲೆ ನಿಲ್ಲಿಸಿ ತಂತಿಯ ಎತ್ತರ ಓದಬಹುದು. ಗಿಟಾರ್ ಕಂಪನಿ ಫೆಂಡರ್ ಹೇಳುವ ಲೆಕ್ಕ 9.5ರಿಂದ 12 ಇಂಚು ರೇಡಿಯಸ್‌ನ (ಮೇಲ್ಮೈಯ ಅಡ್ಡ ಬಾಗು) ನೆಕ್‌ಗೆ ಸುಮಾರು 1.6 ಮಿ.ಮೀ. ನಾನು ದಪ್ಪ ತಂತಿಯನ್ನು ಸ್ವಲ್ಪ ಜಾಸ್ತಿ ಎತ್ತರದಲ್ಲೇ ಇಡುತ್ತೇನೆ, ಜೋರಾಗಿ ಮೀಟುವ ಚಟ.

ಸಂದು ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್ ಕೂಡ ಚೆನ್ನಾಗಿದೆ. ಮೊದಲ ಫ್ರೆಟ್‌ಗೆ ಕೇಪೊ (ತಂತಿ ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ಕೊನೆಯ ಫ್ರೆಟ್ ಒತ್ತಿ ಹಿಡಿದು, 8ನೇ ಫ್ರೆಟ್ ಹತ್ತಿರ ತಂತಿಯ ಕೆಳಗೆ 0.25 ಮಿ.ಮೀ. ಪಟ್ಟಿ ತೂರಿಸಿ ನೋಡಬೇಕು. ಸಂದು ಜಾಸ್ತಿ ಇದ್ದರೆ ನೆಕ್ ಒಳಗಿನ ಲೋಹದ ಸರಳು, ಅಂದರೆ ಟ್ರಸ್ ರಾಡ್, ಬಿಗಿ ಮಾಡಬೇಕು. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ಬೇಡ, ಆಮೇಲೆ ಟ್ಯೂನ್ ಮಾಡಿ ಮತ್ತೆ ಅಳೆಯಿರಿ. ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಸೆಟ್ ಮಾಡುವುದೂ ಇಂಥ ಗೇಜ್‌ನಲ್ಲೇ. ಶಿವಮೊಗ್ಗದ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಕೇಳಿದರೆ ಬಿಡಿಯಾಗಿಯೇ ಸಿಗುತ್ತದೆ. ಪಟ್ಟಿಗಳಿಗೆ ಎಣ್ಣೆ ಬಳಿದಿರುತ್ತಾರೆ. ಗಿಟಾರ್ ಹತ್ತಿರ ತರುವ ಮೊದಲು ಒರೆಸಿ, ಕೆಲಸ ಮುಗಿದ ಮೇಲೆ ಮತ್ತೆ ಬಳಿಯಿರಿ. ಇಲ್ಲಾಂದ್ರೆ ಮಳೆಗಾಲ ಮುಗಿಯುವುದರೊಳಗೆ ತುಕ್ಕು.

ಸ್ಕ್ರೂ ತಿರುಗಿಸುವ ಆರು ಮೂಲೆಯ ಅಲೆನ್ ಕೀಗಳದ್ದೇ ಕಿರಿಕಿರಿ. ಲೋಹ ಮೆತ್ತಗೆ. ಸ್ಯಾಡಲ್ (ಗಿಟಾರ್ ಬುಡದಲ್ಲಿ ತಂತಿ ಕೂರುವ ತುಂಡು) ಏರಿಸುವ ಪುಟ್ಟ ಕೀ ಬೇಗನೆ ಅಂಚು ಸವೆದು ಸುಮ್ನೆ ತಿರುಗತೊಡಗಿತು. ಇನ್ನೊಂದು ತೊಂದರೆ, ಎಲ್ಲವೂ ಮಿಲಿಮೀಟರ್ ಅಳತೆಯವು. ಅಮೆರಿಕದಲ್ಲಿ ತಯಾರಾದ ಹಲವು ಫೆಂಡರ್‌ಗಳ ಟ್ರಸ್ ರಾಡ್‌ಗೆ 1/8 ಇಂಚಿನದ್ದು ಬೇಕು. ಅದಕ್ಕೆ 3 ಮಿ.ಮೀ. ಕೀ ಸಡಿಲ, ತಿರುಗಿಸಿದರೆ ನಟ್‌ನ ಮೂಲೆಗಳೇ ಹೋಗುತ್ತವೆ. ಗಿಬ್ಸನ್ ಕಂಪನಿಯ ಗಿಟಾರ್‌ಗಂತೂ 5/16 ಇಂಚಿನ ನಟ್ ತಿರುಗಿಸುವ ಬೇರೆ ರೆಂಚೇ ಬೇಕು. ಕೀಗಳನ್ನು ಹಾರ್ಡ್‌ವೇರ್ ಅಂಗಡಿಯಲ್ಲಿ ಒಳ್ಳೆಯವು ನೋಡಿ ತಗೊಳ್ಳಿ.

ರೇಡಿಯಸ್ ಗೇಜ್, ತಂತಿ ಸುತ್ತುವ ವೈಂಡರ್, ಕಟರ್ ಪರವಾಗಿಲ್ಲ.

ಯಾವುದು ಮೊದಲು, ಯಾವುದು ಆಮೇಲೆ ಅಂತ ಕಿಟ್ ಜೊತೆಗಿನ ಚೀಟಿಯಲ್ಲಿ ಒಂದು ಸಾಲೂ ಇಲ್ಲ, ಬರೀ ಚಿತ್ರ. ಮೊದಲು ನೆಕ್, ಆಮೇಲೆ ತಂತಿಯ ಎತ್ತರ, ಕೊನೆಗೆ ಇಂಟೊನೇಷನ್, ಅಂದರೆ ಎಲ್ಲ ಫ್ರೆಟ್‌ಗಳಲ್ಲೂ ಸ್ವರ ಸರಿ ಬರುವಂತೆ ಮಾಡುವುದು. ಇಂಟೊನೇಷನ್‌ಗೆ ಸ್ಕ್ರೂಡ್ರೈವರ್ ಮತ್ತು ಟ್ಯೂನರ್ ಸಾಕು. 12ನೇ ಫ್ರೆಟ್ ಒತ್ತಿದ ಸ್ವರ ಅಲ್ಲೇ ತಂತಿ ಒತ್ತದೆ ಬರೀ ಮುಟ್ಟಿ ಮೀಟಿದ ಹಾರ್ಮೋನಿಕ್‌ಗಿಂತ ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಹೊಸ ತಂತಿ ಹಾಕಿಯೇ ಮಾಡಿ, ತುಕ್ಕು ಹಿಡಿದ ತಂತಿ ಸರಿಯಾದ ಸ್ವರ ಕೊಡುವುದಿಲ್ಲ.

ಗಿಟಾರ್ ತಲೆಯ ಬಳಿ ತಂತಿ ಕೂರುವ ಪಟ್ಟಿಗೂ ನಟ್ ಅಂತಲೇ ಹೆಸರು, ಅದರ ಗೀರು ಆಳ ಮಾಡುವ ಅರ ಇದರಲ್ಲಿಲ್ಲ. ಮೊದಲ ಫ್ರೆಟ್‌ನಲ್ಲೇ ತಂತಿ ಗಟ್ಟಿ ಅನ್ನಿಸಿದರೆ ಗೊತ್ತಿದ್ದವರ ಕೈಗೇ ಕೊಡಿ. ಕಿಟ್‌ನ ಬಟ್ಟೆ ಚೀಲಕ್ಕೆ ಆಗಸ್ಟ್‌ನಲ್ಲೇ ಬೂಷ್ಟು ಬಂತು. ಈಗ ಎಲ್ಲವೂ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿವೆ.