ಹಳೇ ಫೋರ್ಡ್ ರಿಪೇರಿಗೆ ಕೊಟ್ಟೆವು, ಯಾರದೋ ಎಂಜಿನ್ ವಾಪಸ್ ಬಂತು. ವಿಂಟೇಜ್ ಗಾಡಿ ಇರುವವರು ಓದಿ

ಮನೆಯಲ್ಲಿ ಅಜ್ಜನ ಕಾಲದ ಕಾರು ಇದೆಯಾ? ರೆಸ್ಟೋರ್ ಮಾಡಿಸುವ ಯೋಚನೆ ಇದೆಯಾ? ಹಾಗಾದರೆ ಅದನ್ನು ಲಾರಿಗೆ ಹತ್ತಿಸುವ ಮುಂಚೆ ಇದನ್ನು ಪೂರ್ತಿ ಓದಿ. ಗ್ಯಾರೇಜಿನ ಹೆಸರು ಹಾಕುತ್ತಿಲ್ಲ. ದೂರು ಕೊಟ್ಟಿದ್ದೇವೆ, ಈಗ ಹೆಸರು ಬರೆಯಬೇಡಿ ಎಂದು ವಕೀಲರು ಹೇಳಿದ್ದಾರೆ. ಬೆಂಗಳೂರಿನ ಹೊರಗಡೆ ಇರುವ ಜಾಗ, ಅಷ್ಟು ಹೇಳಿದರೆ ಸಾಕು. ವಿಂಟೇಜ್ ಕೆಲಸ ಮಾಡುವವರು ಕೈಬೆರಳಲ್ಲಿ ಎಣಿಸುವಷ್ಟು ಜನ. ಯಾರು ಅಂತ ಗೊತ್ತಾಗುವವರಿಗೆ ಗೊತ್ತಾಗುತ್ತದೆ.

ನಮ್ಮದು 1929ರ ಫೋರ್ಡ್ ಮಾಡೆಲ್ ಎ. ಫೀಟನ್, ಅಂದರೆ ಬಟ್ಟೆ ಟಾಪಿನ ತೆರೆದ ಗಾಡಿ. ಸಕಲೇಶಪುರದ ಹತ್ತಿರ ಕಾಫಿ ತೋಟ ಮಾಡಿಕೊಂಡಿದ್ದ ಇಂಗ್ಲಿಷ್ ದೊರೆಯೊಬ್ಬರು ಊರಿಗೆ ಹೋಗುವಾಗ ಅಜ್ಜನಿಗೆ ಮಾರಿದ್ದು. ಮಾಡೆಲ್ ಎ ಅಂಥ ಅಪರೂಪದ ಗಾಡಿಯೇನಲ್ಲ. 1927ರ ಕೊನೆಯಿಂದ 1931ರವರೆಗೆ ಹತ್ತಿರ ಹತ್ತಿರ 50 ಲಕ್ಷ ಗಾಡಿ ಮಾಡಿದ್ದಾರೆ. ಇವತ್ತಿಗೂ ಅಮೆರಿಕದಲ್ಲಿ ಇದರ ಪಾರ್ಟ್ಸ್ ಹೊಸದಾಗಿ ಸಿಗುತ್ತವೆ. ಅಂದರೆ ಸರಿಯಾಗಿ ಕೆಲಸ ಮಾಡುವವನಿಗೆ ಕಳ್ಳದಾರಿ ಹಿಡಿಯುವ ಅಗತ್ಯವೇ ಇಲ್ಲ. ಆದರೂ ಈ ಗ್ಯಾರೇಜಿನವನು ಹಿಡಿದ.

ಮುಂದಿನದು ಅರ್ಥ ಆಗಬೇಕಾದರೆ ನಂಬರ್ ವಿಷಯ ತಿಳಿದಿರಬೇಕು. ಈಗಿನ ಕಾರುಗಳ ಹಾಗೆ ಮಾಡೆಲ್ ಎಗೆ ಎಂಜಿನ್ ನಂಬರ್ ಬೇರೆ, ಚಾಸಿ (ಗಾಡಿಯ ಅಡಿಯ ಚೌಕಟ್ಟು) ನಂಬರ್ ಬೇರೆ ಇರುವುದಿಲ್ಲ. ಬ್ಲಾಕಿನ, ಅಂದರೆ ಎಂಜಿನ್ನಿನ ಮುಖ್ಯ ಕಬ್ಬಿಣದ ಭಾಗದ ಎಡಗಡೆ, ನೀರಿನ ಪೈಪ್ ಕೂರುವ ಜಾಗದ ಮೇಲೆ ಒಂದು ಸಣ್ಣ ಸಮತಟ್ಟಾದ ಜಾಗ ಇದೆ. ನಂಬರ್ ಒತ್ತಿರುವುದು ಅಲ್ಲಿ. ಅದೇ ನಂಬರನ್ನು ಚಾಸಿಯ ಮೇಲೂ ಒತ್ತಿರುತ್ತಾರೆ, ಆದರೆ ಅದು ಬಾಡಿಯ ಕೆಳಗೆ ಮುಚ್ಚಿಹೋಗಿರುತ್ತದೆ. ಬಾಡಿ ಎತ್ತದೆ ಕಾಣುವುದಿಲ್ಲ. ಹಾಗಾಗಿ ಕಣ್ಣಿಗೆ ಕಾಣುವ ಗುರುತು ಅಂದರೆ ಎಂಜಿನ್ ಮೇಲಿನ ನಂಬರ್ ಒಂದೇ. ಎಂಜಿನ್ ಹೋಯಿತು ಅಂದರೆ ಗಾಡಿಯ ಜಾತಕವೇ ಹೋಯಿತು. ಇನ್ನೊಂದು ವಿಷಯ. ಬಲಗಡೆ ಸ್ಟೀರಿಂಗ್ ಇರುವ ನಮ್ಮ ಗಾಡಿ ಕೆನಡಾದ ಫೋರ್ಡ್ ಮಾಡಿದ್ದು. ಕೆನಡಾದ ಮಾಡೆಲ್ ಎ ನಂಬರ್ ‘ಸಿಎ’ ಅಂತ ಶುರುವಾಗುತ್ತದೆ. ಅಮೆರಿಕದ್ದು ಬರೀ ‘ಎ’. ಇದನ್ನು ನೆನಪಿಟ್ಟುಕೊಳ್ಳಿ.

ಕೆಲಸಕ್ಕೆ ಕೊಟ್ಟಿದ್ದು ಯಾಕೆ ಅಂದರೆ ಬೇರಿಂಗ್. ಈ ಎಂಜಿನ್ನಿಗೆ ಜೆ.ಸಿ. ರಸ್ತೆಗೆ ಹೋಗಿ ಡಬ್ಬಿಯಲ್ಲಿ ತರುವ ಬೇರಿಂಗ್ ಶೆಲ್ ಇಲ್ಲ. ವೈಟ್ ಮೆಟಲ್ ಅನ್ನುವ ಮೆತ್ತನೆ ಲೋಹ ಕರಗಿಸಿ ಬ್ಲಾಕಿಗೇ, ಕನೆಕ್ಟಿಂಗ್ ರಾಡಿಗೇ ಹುಯ್ಯಬೇಕು. ಆಮೇಲೆ ಬೋರ್ ಮಾಡಿ, ಶಿಮ್ ಅನ್ನುವ ತೆಳ್ಳಗಿನ ಲೋಹದ ಪಟ್ಟಿ ಇಟ್ಟು ಗ್ಯಾಪ್ ಕೂರಿಸಬೇಕು. ಇದನ್ನು ನೆಟ್ಟಗೆ ಮಾಡುವವರು ತುಂಬಾ ಕಡಿಮೆ. ‘ನಾವೇ ಹುಯ್ತೀವಿ ಸಾರ್, ನಮ್ಮಲ್ಲೇ ಸೆಟಪ್ ಇದೆ’ ಅಂದ. ಎಂಜಿನ್ ಕೆಲಸಕ್ಕೆ 3.5 ಲಕ್ಷ, ಪೇಂಟಿಂಗ್ ಟಿಂಕರಿಂಗ್ ಬೇರೆ. 2 ಲಕ್ಷ ಅಡ್ವಾನ್ಸ್ ಕೈಗೆ ಬಿದ್ದ ಮೇಲೆ ಫೋನ್ ಎತ್ತುವುದೇ ಕಮ್ಮಿ ಆಯಿತು. ಮೆಟಲ್ ಬಂದಿಲ್ಲ. ಲೇತ್‌ನವನ ಮನೆಯಲ್ಲಿ ಮದುವೆ. ಒಮ್ಮೆ ಅಂತೂ ‘ಆಷಾಢ ಅಲ್ವಾ ಸಾರ್, ಎಂಜಿನ್ ಕೂರಿಸೋದು ಬೇಡ ಅಂತ ಬಿಟ್ಟಿದೀನಿ’ ಅಂದ! ವಾಟ್ಸಾಪಿನಲ್ಲಿ ಫೋಟೋ ಕಳಿಸುತ್ತಿದ್ದ. ಹಸಿರು ಬಣ್ಣ ಹೊಡೆದ ಎಂಜಿನ್, ಬಲಗಡೆಯಿಂದ. ಮತ್ತೆ ಹಸಿರು ಎಂಜಿನ್, ಮತ್ತೆ ಬಲಗಡೆಯಿಂದ. ಎಡಗಡೆಯ ಫೋಟೋ ಒಂದೂ ಬರಲಿಲ್ಲ. ಯಾಕೆ ಅಂತ ಈಗ ಗೊತ್ತಾಗುತ್ತಿದೆ.

ಗಾಡಿ ಬಂತು. ಫಳಫಳ ಹೊಳೆಯುತ್ತಿತ್ತು. ತೋಟದ ಆಳುಗಳೆಲ್ಲ ಫೋಟೋ ತೆಗೆಸಿಕೊಂಡರು. ಮೊದಲು ಕಣ್ಣಿಗೆ ಬಿದ್ದದ್ದು ರೇಡಿಯೇಟರ್ ಸುತ್ತಲಿನ ಶೆಲ್. 1928–29ರ ಗಾಡಿಗಳಲ್ಲಿ ಅದು ನಿಕಲ್ ಲೇಪದ್ದು. ಸ್ವಲ್ಪ ಹಳದಿ ಛಾಯೆಯ, ತಣ್ಣಗಿನ ಹೊಳಪು. ಇವನು ಕ್ರೋಮ್ ಹಾಕಿಸಿದ್ದ. ಹೆಡ್‌ಲೈಟ್ ರಿಮ್ಮಿಗೂ ಕ್ರೋಮ್. ಕೇಳಿದರೆ, ‘ಕ್ರೋಮ್ ಕಾಸ್ಟ್ಲಿ ಸಾರ್, ನಿಮಗೆ ಅಂತ ಫ್ರೀ ಮಾಡಿಕೊಟ್ಟಿದೀನಿ.’ ಫ್ರೀ ಅಂತೆ.

ಮೊದಲ ಸಲ ಏರು ಹತ್ತಿಸಿದಾಗ ಕೆಳಗಡೆಯಿಂದ ಟಕ ಟಕ ಸದ್ದು. ಫೋನ್ ಮಾಡಿದೆ. ಉತ್ತರಗಳನ್ನು ಒಂದೊಂದಾಗಿ ಬರೆಯುತ್ತೇನೆ, ನಿಮಗೂ ಇದೇ ಸಿಗುತ್ತದೆ.

‘ಹಳೇ ಗಾಡಿ ಸಾರ್, ಸೌಂಡ್ ಇರ್ತದೆ.’

‘ನೀವು ಸ್ಪಾರ್ಕ್ ಲಿವರ್ ಸರಿ ಇಟ್ಟಿಲ್ಲ, ಅಡ್ವಾನ್ಸ್ ಜಾಸ್ತಿ ಆಗಿದೆ.’ (ಸ್ಟೀರಿಂಗ್ ಕೆಳಗೆ ಸ್ಪಾರ್ಕ್ ಬೀಳುವ ಸಮಯ ಹಿಂದೆ ಮುಂದೆ ಮಾಡುವ ಕಡ್ಡಿ ಇರುತ್ತದೆ. ಸ್ಪಾರ್ಕ್ ತೀರಾ ಮುಂಚೆ ಬಿದ್ದರೆ, ಅಂದರೆ ಅಡ್ವಾನ್ಸ್ ಜಾಸ್ತಿ ಆದರೆ, ಎಂಜಿನ್ ಸದ್ದು ಮಾಡುತ್ತದೆ. ಸ್ಪಾರ್ಕನ್ನು ಪೂರ್ತಿ ಹಿಂದಕ್ಕೆ ಮಾಡಿದರೂ ಸದ್ದು ಹೋಗಲಿಲ್ಲ.)

‘ಈಗಿನ ಪೆಟ್ರೋಲ್ ಸಾರ್, ಎಥನಾಲ್ ಮಿಕ್ಸ್. ಅದಕ್ಕೇ ನಾಕಿಂಗ್.’

ಈ ಕೊನೆಯದಕ್ಕೆ ನನಗೆ ತಡೆಯಲಾರದಷ್ಟು ಸಿಟ್ಟು ಬಂತು. ಎಥನಾಲ್ ಹಳೇ ರಬ್ಬರ್ ಪೈಪ್, ಗ್ಯಾಸ್ಕೆಟ್ ಹಾಳು ಮಾಡುತ್ತದೆ, ನಿಜ. ಆದರೆ ಈ ಎಂಜಿನ್ನಿನ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಗಾಳಿ-ಪೆಟ್ರೋಲ್ ಎಷ್ಟು ಪಟ್ಟು ಒತ್ತಿಹೋಗುತ್ತದೆ ಅನ್ನುವುದು, ಬರೀ 4.22. ಒತ್ತಡ ಇಷ್ಟು ಕಡಿಮೆ ಇದ್ದರೆ ಪೆಟ್ರೋಲಿನಿಂದ ನಾಕಿಂಗ್ ಬರುವುದು ಅಪರೂಪ. ನಾಲ್ಕು ಸಿಲಿಂಡರ್, 3.3 ಲೀಟರ್, ಅದರಿಂದ ಬರುವುದು 40 ಹಾರ್ಸ್‌ಪವರ್. ಯಾವ ಪೆಟ್ರೋಲ್ ಹಾಕಿದರೂ ಓಡುವಂಥ ಎಂಜಿನ್ ಇದು. ಪೆಟ್ರೋಲಿನಿಂದ ನಾಕ್ ಬರುತ್ತದೆ ಅಂತ ಮಾಡೆಲ್ ಎ ಇಟ್ಟುಕೊಂಡವನಿಗೇ ಹೇಳುತ್ತಾನಲ್ಲ!

ಇಷ್ಟಾದರೂ ಅದು ಕೆಟ್ಟ ಕೆಲಸ, ಮೋಸ ಅಲ್ಲ ಅಂತಲೇ ಇದ್ದೆವು. ಮೋಸ ಗೊತ್ತಾಗಿದ್ದು ಆರ್‌ಟಿಓ ಆಫೀಸಿನ ಅಂಗಳದಲ್ಲಿ. ಅಪ್ಪ ತೀರಿಕೊಂಡ ಮೇಲೆ ಗಾಡಿಯನ್ನು ನನ್ನ ಹೆಸರಿಗೆ ಮಾಡಿಸಬೇಕಿತ್ತು. ಬ್ರೇಕ್ ಇನ್‌ಸ್ಪೆಕ್ಟರ್ ಖುಷಿಯಿಂದಲೇ ಬಂದರು, ಇಂಥ ಗಾಡಿ ಅವರಿಗೂ ದಿನಾ ಸಿಗುವುದಿಲ್ಲ. ಬಾನೆಟ್ ಎತ್ತಿಸಿ, ನಂಬರಿನ ಮೇಲೆ ಪೇಪರ್ ಇಟ್ಟು ಪೆನ್ಸಿಲ್ ಉಜ್ಜಿದರು. ಪೇಪರ್ ನೋಡಿದರು. ಆರ್‌ಸಿ ನೋಡಿದರು. ಮತ್ತೆ ಪೇಪರ್ ನೋಡಿದರು.

‘ಆರ್‌ಸಿಯಲ್ಲಿ ಸಿಎ ಅಂತಿದೆ. ಇಲ್ಲಿ ಬರೀ ಎ. ನಂಬರೂ ಬೇರೆ. ಇದು ಯಾವ ಗಾಡಿ ಎಂಜಿನ್ ರೀ?’

ಸುತ್ತಲೂ ಲೈಸೆನ್ಸಿಗೆ ಬಂದ ಹುಡುಗರು, ಏಜೆಂಟರು, ಟೀ ಕುಡಿಯುತ್ತಿದ್ದ ಡ್ರೈವರ್‌ಗಳು. ಆ ಹೊತ್ತಿಗೆ ಅರ್ಧ ಆಫೀಸು ಗಾಡಿ ನೋಡಲು ಬಂದಿತ್ತು. ಎಲ್ಲರೂ ನನ್ನ ಮುಖ ನೋಡಿದರು. ಕದ್ದ ಮಾಲು ತಂದವನ ಹಾಗೆ ನಿಂತಿದ್ದೆ. ‘ಇದು ನಮ್ಮ ಅಜ್ಜನ ಗಾಡಿ ಸಾರ್’ ಅಂದೆ. ‘ಗಾಡಿ ಅಜ್ಜಂದೇ ಇರಬಹುದು, ಎಂಜಿನ್ ಯಾರಜ್ಜಂದು?’ ಅಂದರು. ಒಬ್ಬ ಏಜೆಂಟ್ ಜೋರಾಗಿ ನಕ್ಕ. ಜೊತೆಗೆ ಬಂದಿದ್ದ ಚಿಕ್ಕಪ್ಪ ವಾಪಸ್ ಬರುವ ದಾರಿಯುದ್ದಕ್ಕೂ ಮಾತಾಡಲಿಲ್ಲ. ಮನೆ ಮುಟ್ಟಿದ ಮೇಲೆ ಚಿಕ್ಕಮ್ಮನಿಗೆ ಹೇಳಿದ್ದು ಒಂದೇ ಮಾತು: ‘ದೇವಸ್ಥಾನದ ಹೊರಗೆ ಬಿಟ್ಟ ಚಪ್ಪಲಿ ಬದಲಾಗೋದು ಕೇಳಿದ್ದೆ. ನಮ್ಮ ಹುಡುಗ ಎಂಜಿನ್ನೇ ಬದಲು ಮಾಡ್ಕೊಂಡು ಬಂದಿದಾನೆ ನೋಡು.’

ಅವತ್ತೇ ಫೋನ್ ಮಾಡಿದೆ. ಮೊದಲು ‘ನಂಬರ್ ಮೇಲೆ ಪೇಂಟ್ ಕೂತಿರಬೇಕು, ಸರಿಯಾಗಿ ಓದಿಲ್ಲ’ ಅಂದ. ಪೆನ್ಸಿಲ್ ಪ್ರಿಂಟ್ ಕಳಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಿಮ್ಮ ಬ್ಲಾಕ್ ಕ್ರ್ಯಾಕ್ ಆಗಿತ್ತು ಸಾರ್. ನಿಮ್ಮ ಒಳ್ಳೇದಕ್ಕೇ ಚೇಂಜ್ ಮಾಡ್ದೆ.’

‘ನನಗೆ ಯಾಕೆ ಹೇಳಲಿಲ್ಲ?’

‘ಹೇಳಿದ್ನಲ್ಲ ಸಾರ್, ನೀವು ಹೂಂ ಅಂದ್ರಿ.’

‘ಹಾಗಾದರೆ ಹಳೇ ಬ್ಲಾಕ್ ಎಲ್ಲಿ? ಕ್ರ್ಯಾಕ್ ಆಗಿದ್ದರೂ ಪರವಾಗಿಲ್ಲ, ಕೊಡಿ.’

‘ಗುಜರಿಗೆ ಹೋಯ್ತು ಸಾರ್.’

‘ಯಾವ ಗುಜರಿ? ಶಿವಾಜಿನಗರವಾ? ನಾನೇ ಹೋಗಿ ತರುತ್ತೇನೆ.’

‘ಸಾರ್, ಯಾರಿಗೆ ಕಾಣ್ತದೆ ಸಾರ್ ಅದು? ಒಂದು ಅಕ್ಷರಕ್ಕೆ ಇಷ್ಟು ತಲೆ ಕೆಡಿಸ್ಕೊಂಡ್ರೆ ಹೆಂಗೆ? ಬೇಕಂದ್ರೆ ನಿಮ್ಮ ನಂಬರ್ ಕೊಡಿ, ಪಂಚ್ ಹೊಡೆಸಿ ಕೊಡ್ತೀನಿ.’

ಕೇಳಿದಿರಾ? ಪಂಚ್ ಹೊಡೆಸಿ ಕೊಡುತ್ತಾನಂತೆ! ಸುಳ್ಳು ನಂಬರ್ ಕುಟ್ಟಿಸಿ ನಾನು ಜೈಲಿಗೆ ಹೋಗಬೇಕು, ಅವನು ಆರಾಮಾಗಿರಬೇಕು. ಪೇಂಟಿಂಗಿಗೆ ಅಂತ ಬಾಡಿ ಎತ್ತಿದ್ದು ಅವನೇ. ಚಾಸಿಯ ಮೇಲಿನ ಸಿಎ ನಂಬರ್ ಅವನ ಕಣ್ಣ ಮುಂದೆಯೇ ಇತ್ತು. ಏನು ಬದಲು ಮಾಡುತ್ತಿದ್ದೇನೆ ಅಂತ ಗೊತ್ತಿದ್ದೇ ಮಾಡಿದ್ದು.

ಸಂಪ್ (ಎಂಜಿನ್ ಕೆಳಗಿನ ಎಣ್ಣೆ ತಟ್ಟೆ) ಬಿಚ್ಚಿಸಿದ್ದು ನಮ್ಮೂರಿನ ಹಳೇ ಜೀಪ್ ಮೇಸ್ತ್ರಿ ಹತ್ತಿರ. ಎಣ್ಣೆಯಲ್ಲಿ ಬೆಳ್ಳಿ ಪುಡಿಯ ಹಾಗೆ ವೈಟ್ ಮೆಟಲ್ ತೇಲುತ್ತಿತ್ತು. ಎರಡು ರಾಡಿನಲ್ಲಿ ಶಿಮ್ಮೇ ಇರಲಿಲ್ಲ. ಮೆಟಲ್ ಹೊಸದಾಗಿ ಹುಯ್ದೇ ಇಲ್ಲ, ಹಳೆಯದನ್ನೇ ಬಿಟ್ಟು, ಬೇರಿಂಗಿನ ಕ್ಯಾಪ್ ಉಜ್ಜಿ ಬಿಗಿ ಮಾಡಿದ್ದಾರೆ ಅಂದರು ಮೇಸ್ತ್ರಿ. ಅಂದರೆ ಎಂಜಿನ್ನೂ ನಮ್ಮದಲ್ಲ, ಕೆಲಸವೂ ಆಗಿಲ್ಲ, ದುಡ್ಡು ಮಾತ್ರ ನಮ್ಮದು.

ಬಿಲ್? ಒಂದು ಹಾಳೆ. ‘ಎಂಜಿನ್ ವರ್ಕ್ ಕಂಪ್ಲೀಟ್’ ಅಂತ ಒಂದು ಸಾಲು. ‘ಪಕ್ಕಾ ಬಿಲ್ ಬೇಕಂದ್ರೆ ಜಿಎಸ್‌ಟಿ ಜಾಸ್ತಿ ಆಗ್ತದೆ ಸಾರ್’ ಅಂದಿದ್ದ ಆವತ್ತು. ಆ ಒಂದು ಸಾಲಿನ ಮೇಲೆ ಈಗ ಪೊಲೀಸರು ‘ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ’ ಅನ್ನುತ್ತಿದ್ದಾರೆ.

ಇದು ಬರೀ ಸೆಂಟಿಮೆಂಟ್ ಅಂತ ತಿಳಿಯಬೇಡಿ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಬೇರೆ ನೋಂದಣಿ ನಿಯಮ ತಂದಿದೆ. ಮೊದಲ ನೋಂದಣಿ ಆಗಿ 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು, ದೊಡ್ಡ ಬದಲಾವಣೆ ಆಗಿರಬಾರದು. ಹಳೇ ನಂಬರ್ ಪ್ಲೇಟ್ ಇದ್ದವರು ಅದನ್ನೇ ಉಳಿಸಿಕೊಳ್ಳಬಹುದು, ಹೊಸದಾಗಿ ನೋಂದಣಿ ಮಾಡಿಸುವವರಿಗೆ ‘ವಿಎ’ ಅಕ್ಷರದ ನಂಬರ್, 20,000 ರೂಪಾಯಿ ಫೀಸು. ಎಂಜಿನ್ ಬದಲಾಗಿದ್ದರೆ ಆರ್‌ಟಿಓಗೆ ತಿಳಿಸಿ ಆರ್‌ಸಿಯಲ್ಲಿ ಬರೆಸಬೇಕು. ಬರೆಸೋಣ ಅಂದರೆ ಈ ಎಂಜಿನ್ ಎಲ್ಲಿಂದ ಬಂತು ಅನ್ನುವುದಕ್ಕೆ ಕಾಗದ ಬೇಕು. ಆ ಕಾಗದ ಕೊಡುವವನು ಫೋನ್ ಬ್ಲಾಕ್ ಮಾಡಿದ್ದಾನೆ. ಅಪ್ಪನ ಹೆಸರಿನಲ್ಲೇ ನಿಂತಿದೆ ಗಾಡಿ.

ಹಾಗಾಗಿ, ಗಾಡಿ ಕೊಡುವ ಮುಂಚೆ ನೀವೇ ಪೆನ್ಸಿಲ್ ಪ್ರಿಂಟ್ ತೆಗೆದು, ಗ್ಯಾರೇಜಿನವನ ಸಹಿ ಹಾಕಿಸಿಕೊಳ್ಳಿ. ಒರಿಜಿನಲ್ ಆರ್‌ಸಿ ಕೊಡಬೇಡಿ, ಜೆರಾಕ್ಸ್ ಸಾಕು. ಬ್ಲಾಕ್, ಕಾರ್ಬ್ಯುರೇಟರ್, ಲೈಟು, ಎಲ್ಲದರ ಮೇಲೂ ಕಾಣದ ಜಾಗದಲ್ಲಿ ಪಂಚಿನಿಂದ ನಿಮ್ಮದೊಂದು ಚುಕ್ಕೆ ಇರಲಿ. ಬಾಡಿ ಎತ್ತುವ ದಿನ ನೀವು ಅಲ್ಲೇ ಇರಿ. ಕೆಟ್ಟುಹೋದ ಪಾರ್ಟೂ ನಿಮ್ಮದೇ, ವಾಪಸ್ ಕೇಳಿ. ಮೆಟಲ್ ಹುಯ್ಯುವುದನ್ನು ಕಣ್ಣಾರೆ ನೋಡುತ್ತೇನೆ ಅನ್ನಿ; ಬೇಡ ಅಂದರೆ ಅಲ್ಲಿಂದ ಎದ್ದು ಬನ್ನಿ. ‘ನಮ್ಮ ಗಾಡಿ ಆ ರ‍್ಯಾಲಿಯಲ್ಲಿ ಪ್ರೈಜ್ ತಗೊಂಡಿದೆ’ ಅಂತ ಗೋಡೆ ತುಂಬ ಹಾಕಿರುವ ಫೋಟೋ ನೋಡಿ ಮರುಳಾಗಬೇಡಿ. ಆ ಗಾಡಿಗಳ ಬಾನೆಟ್ ಒಳಗೆ ಯಾರ ಎಂಜಿನ್ ಇದೆಯೋ!

ಕೊನೆಯದಾಗಿ ಒಂದು ವಿನಂತಿ. ನಮ್ಮ ಬ್ಲಾಕ್ ಗುಜರಿಗೆ ಹೋಗಿಲ್ಲ ಅಂತ ನನಗೆ ಖಾತ್ರಿ ಇದೆ. ಸಿಎ ನಂಬರಿನ ಬ್ಲಾಕಿಗೆ ನಮ್ಮ ದೇಶದಲ್ಲಿ ಗಿರಾಕಿ ಇದ್ದಾರೆ. ಯಾರಿಗಾದರೂ ಕಾಗದವಿಲ್ಲದ ಮಾಡೆಲ್ ಎ ಎಂಜಿನ್ ಮಾರಲು ಬಂದರೆ, ಎಡಗಡೆಯ ನಂಬರ್ ಫೋಟೋ ತೆಗೆದು ನನಗೆ ಕಳಿಸಿ. ಪೂರ್ತಿ ನಂಬರ್ ಇಲ್ಲಿ ಬರೆಯುವುದಿಲ್ಲ. ಬರೆದರೆ ಇನ್ನೊಂದು ಬ್ಲಾಕಿನ ಮೇಲೆ ಅದನ್ನೇ ಕುಟ್ಟಿ, ನನಗೇ ತಂದು ಮಾರುತ್ತಾರೆ.