ಆಟಿಸಂ ಮಕ್ಕಳಿಗೆ ತರಬೇತಾದ ನಾಯಿ ಎಂದು ಹಣ ಕೀಳುತ್ತಿದ್ದಾರೆ, ದಾವಣಗೆರೆಯವರೇ ಎಚ್ಚರ

ಆಟಿಸಂ ಇರುವ ಮಕ್ಕಳ ತಂದೆ ತಾಯಂದಿರೇ, ದಯವಿಟ್ಟು ಓದಿ. 'ನಿಮ್ಮ ಮಗುವಿಗೆಂದೇ ತಯಾರು ಮಾಡಿದ ಸೇವಾ ನಾಯಿ' ಎಂದು ಯಾರಾದರೂ ಬಂದರೆ ಒಂದು ರೂಪಾಯಿಯನ್ನೂ ಮುಂಗಡ ಕೊಡಬೇಡಿ. ಒಂದು ರೂಪಾಯಿಯನ್ನೂ.

ನನ್ನ ಮಗ ಕೈ ಕೊಸರಿಕೊಂಡು ರಸ್ತೆಗೆ ಓಡುತ್ತಾನೆ. ಹದಡಿ ರಸ್ತೆಯ ಲಾರಿಗಳ ನಡುವೆ ಅವನ ಹಿಂದೆ ಓಡಿದವಳಿಗೇ ಗೊತ್ತು ಆ ಭಯ. ಸೇವಾ ನಾಯಿಯಿದ್ದರೆ, ಮಗುವಿನ ಸೊಂಟದ ಪಟ್ಟಿಯನ್ನು ಅದಕ್ಕೆ ಕಟ್ಟಿ ಹಗ್ಗವನ್ನು ದೊಡ್ಡವರು ಹಿಡಿಯುತ್ತಾರೆ, ಮಗು ಓಡಹೊರಟರೆ ನಾಯಿ ಊರಿ ನಿಂತು ತಡೆಯುತ್ತದೆ. ಕೆನಡಾದಲ್ಲಿ 1990ರ ದಶಕದಿಂದಲೂ ಇಂಥ ನಾಯಿಗಳಿವೆ. ಆ ನಿಜವನ್ನೇ ನಮಗೆ ನಾಯಿ ಮಾರಿದ ಮನುಷ್ಯ ಬಂಡವಾಳ ಮಾಡಿಕೊಂಡ. 'ಎರಡು ವರ್ಷದ ಲ್ಯಾಬ್ರಡಾರ್, ತರಬೇತಿ ಪೂರ್ತಿ ಮುಗಿದಿದೆ ಅಕ್ಕಾ' ಎಂದ. ಎಂಬತ್ತು ಸಾವಿರ. ನಮ್ಮ ಮನೆಯವರು ಸೊಸೈಟಿಯಲ್ಲಿ ಸಾಲ ತೆಗೆದರು.

ನಾಯಿ ಬಂತು. ಮೈಮೇಲೆ ಕೆಂಪು ಅಂಗಿ, ಕೊರಳಲ್ಲಿ ಗುರುತಿನ ಚೀಟಿ. ಕುಕ್ಕರ್ ಕೂಗಿದ ಕೂಡಲೇ ಮಂಚದ ಕೆಳಗೆ ನುಗ್ಗಿತು. ಊರಿನ ಗಾಜಿನ ಮನೆ ಉದ್ಯಾನಕ್ಕೆ ಕರೆದೊಯ್ದರೆ, ಮಗ ಕಿರುಚಿದ್ದಕ್ಕೆ ಬೆದರಿ ಅವನನ್ನೇ ಎಳೆದು ಕೆಡವಿತು. ಮೊಣಕಾಲು ತರಚಿ ರಕ್ತ. ಸುತ್ತ ನಿಂತವರು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದರು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಪಶುವೈದ್ಯರು ನಾಯಿಯ ಬಾಯಿ ತೆರೆದು ತೋರಿಸಿದರು. ಹೊಸ ಕೋರೆಹಲ್ಲಿನ ಪಕ್ಕದಲ್ಲೇ ಸೂಜಿಯಂಥ ಹಾಲುಹಲ್ಲು ಅಲ್ಲಾಡುತ್ತಿತ್ತು. 'ಇದಕ್ಕೆ ಹೆಚ್ಚೆಂದರೆ ಆರು ತಿಂಗಳಮ್ಮಾ.' ಆರು ತಿಂಗಳು! ಇಂಥ ನಾಯಿಯನ್ನು ಪಳಗಿಸಲು ಒಂದೂವರೆ, ಎರಡು ವರ್ಷ ಹಿಡಿಯುತ್ತದೆ. ನಾಯಿಯ ವಯಸ್ಸು ತಿಳಿಸುವ ಲಸಿಕೆ ಪುಸ್ತಕ 'ಕೊರಿಯರ್‌ನಲ್ಲಿ ಬರುತ್ತದೆ' ಎಂದು ಅವನು ಏಕೆ ಸಾಗಹಾಕುತ್ತಿದ್ದನೆಂದು ಆಗ ತಿಳಿಯಿತು.

ಅವನ ಉತ್ತರ ಕೇಳಿ. 'ನಾಯಿ ಸರಿಯಿದೆ ಅಕ್ಕಾ, ನಿಮ್ಮ ಮಗುವೇ ಹೆದರಿಸಿ ಹಾಳು ಮಾಡಿದೆ.' ನನ್ನ ಮಗು ಹಾಳು ಮಾಡಿತಂತೆ! ಮಾರನೆಯ ದಿನ, 'ಮೊದಲು ಮಗುವಿಗೆ ತರಬೇತಿ ಕೊಡಿಸಿ.' ಅಕ್ಕಾ ಅಕ್ಕಾ ಎನ್ನುತ್ತಲೇ ಈ ಮಾತು. ಹಣ ವಾಪಸ್ ಕೇಳಿದಾಗ, 'ಸರ್ಟಿಫಿಕೇಟ್ ಕೊಟ್ಟಿದ್ದೇನಲ್ಲ.' ಆಮೇಲೆ ನನ್ನ ನಂಬರ್ ಬ್ಲಾಕ್.

ಆ ಸರ್ಟಿಫಿಕೇಟಿನ ಮೇಲೆ ಸರ್ಕಾರದ ಹೆಸರು ಬೇರೆ. ಸರ್ಕಾರ ಕೊಡುವ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ನನ್ನ ಮಗನಂಥವರಿಗೆ, ನಾಯಿಗಲ್ಲ.

ನಾಯಿ ನಿಮ್ಮ ಮಗುವಿನೊಂದಿಗೆ, ನಿಮ್ಮ ಮನೆಯ ಸದ್ದಿನಲ್ಲಿ ಹೇಗಿರುತ್ತದೆಂದು ನೋಡದೆ, ಲಸಿಕೆ ಪುಸ್ತಕ ಕೈಗೆ ಬಾರದೆ ಹಣ ಕೊಡಬೇಡಿ. ಮೋಸವಾಗಿದ್ದರೆ ಗ್ರಾಹಕರ ಸಹಾಯವಾಣಿ 1915 ಇದೆ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಐದು ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ, ನಾನು ದೂರು ಕೊಟ್ಟಾಗಿದೆ. ಹರಿಹರ, ಚಿತ್ರದುರ್ಗದ ಕಡೆ ಅವನಿಂದ ನಾಯಿ ಪಡೆದವರಿದ್ದರೆ ಹಣ ಕಳಿಸಿದ ದಾಖಲೆ, ಅವನ ಸಂದೇಶ ಯಾವುದನ್ನೂ ಅಳಿಸಬೇಡಿ. ನನ್ನೊಂದಿಗೆ ನೀವೂ ದೂರು ಕೊಡಿ.