ಪ್ಲೇಡೇಟ್: ಮೂರು ವರ್ಷ ಬಳಸಿದ ಮೇಲೆ, ಕೊಳ್ಳಬೇಕಾ ಬೇಡ್ವಾ

ಮೊದಲೇ ಹೇಳಿಬಿಡುತ್ತೇನೆ. ಚಿಕ್ಕಂದಿನಲ್ಲಿ ಕ್ಯಾಸೆಟ್ ಹಾಕಿ ಟಿವಿಯಲ್ಲಿ ಆಡುತ್ತಿದ್ದ ಮಾರಿಯೋ, ಕಾಂಟ್ರಾಗಳನ್ನೇ ಮತ್ತೆ ಆಡಬೇಕು ಅಂತ ಆಸೆ ಇದ್ದರೆ ಪ್ಲೇಡೇಟ್ ಅನ್ನುವ, ಕೈಯಲ್ಲಿ ಹಿಡಿದು ಆಡುವ ಈ ಪುಟ್ಟ ಗೇಮ್ ಯಂತ್ರವನ್ನು ಕೊಳ್ಳಬೇಡಿ. ಇದು ನೋಡಲು ಮಾತ್ರ ಹಳೆಯ ಕಾಲದ್ದು. ಒಳಗಿರುವ ಆಟಗಳೆಲ್ಲ ಹೊಸವು, ಇದಕ್ಕೆಂದೇ ಮಾಡಿದವು. ಇದು ಗೊತ್ತಿಲ್ಲದೆ ಬರೀ ಫೋಟೋ ನೋಡಿ ಆಸೆಪಟ್ಟು ಕೊಂಡು, ಎರಡೇ ವಾರಕ್ಕೆ ಡ್ರಾಯರ್‌ಗೆ ಹಾಕಿದವರು ನನ್ನ ಪರಿಚಯದಲ್ಲೇ ಇದ್ದಾರೆ. ಯಂತ್ರ ಕೆಟ್ಟದ್ದು ಅಂತಲ್ಲ. ಅವರಿಗೆ ಬೇಕಾದದ್ದು ಬೇರೆ ಇತ್ತು.

ನಾನಿರುವುದು ಅಮೆರಿಕದ ಆರೆಗಾನ್ ರಾಜ್ಯದ ಹಿಲ್ಸ್‌ಬರೋದಲ್ಲಿ. ಇದನ್ನು ಮಾಡಿದ ಪ್ಯಾನಿಕ್ ಕಂಪನಿ ಪಕ್ಕದ ಪೋರ್ಟ್‌ಲ್ಯಾಂಡಿನದು. ಮೂಲತಃ ಮ್ಯಾಕ್ ಕಂಪ್ಯೂಟರಿಗೆ ಸಾಫ್ಟ್‌ವೇರ್ ಬರೆಯುವವರು, ಆಮೇಲೆ ಅನ್‌ಟೈಟಲ್ಡ್ ಗೂಸ್ ಗೇಮ್‌ನಂಥ ಆಟಗಳನ್ನು ಹೊರತಂದವರು. ಸ್ವೀಡನ್ನಿನ ಟೀನೇಜ್ ಎಂಜಿನಿಯರಿಂಗ್ ಜೊತೆ ಸೇರಿ ಈ ಹಳದಿ ಡಬ್ಬಿ ಮಾಡಿದರು. 2019ರಲ್ಲಿ ಘೋಷಣೆ ಆಯಿತು, ಜನರ ಕೈಗೆ ಬರುವುದಕ್ಕೆ 2022ರ ಏಪ್ರಿಲ್ ಆಯಿತು. ನನ್ನದು ಸಾಲಿನಲ್ಲಿ ಕಾದು ಕಾದು ಅದೇ ವರ್ಷದ ನವೆಂಬರ್‌ನಲ್ಲಿ ಬಂತು. ಆಗ ಕೊಟ್ಟದ್ದು 179 ಡಾಲರ್. ಮರುವರ್ಷ ಅದೇ 199 ಆಯಿತು. ಈಗಿನ ಬೆಲೆಯನ್ನು ಅವರ ಅಂಗಡಿಯಲ್ಲೇ ನೋಡಿಕೊಳ್ಳಿ, ಕಡಿಮೆಯಂತೂ ಆಗಿಲ್ಲ.

ಅಗಲ 76 ಮಿಲಿಮೀಟರ್, ಎತ್ತರ 74, ದಪ್ಪ ಬರೀ 9, ತೂಕ 86 ಗ್ರಾಂ. ಒಂದು ನಿಪ್ಪಟ್ಟಿನಷ್ಟು ಅಂದುಕೊಳ್ಳಿ. ಕುರ್ತಾ ಜೇಬಿನಲ್ಲಿ ಹಾಕಿಕೊಂಡರೆ ಇದೆ ಅಂತಲೇ ಗೊತ್ತಾಗುವುದಿಲ್ಲ. ಎಡಗಡೆ ದಿಕ್ಕಿನ ಬಟನ್, ಬಲಗಡೆ ಎ, ಬಿ ಎರಡು ಬಟನ್. ಬಲಗಡೆಯ ಅಂಚಿನಲ್ಲಿ ಮಡಚಿಟ್ಟ ಒಂದು ಹಿಡಿ.

ಆ ಹಿಡಿಯ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮಜ್ಜಿಯ ಹತ್ತಿರ ಕೈಯಲ್ಲಿ ತಿರುಗಿಸುವ ಹೊಲಿಗೆ ಮಿಷನ್ ಇತ್ತು. ಅದರ ಪಕ್ಕದ ಹಿಡಿ ಹೇಗಿತ್ತೋ ಹಾಗೇ ಇದು, ಬೆರಳಿನಷ್ಟು ಚಿಕ್ಕದಾಗಿ. ಹೊರಗೆ ಎಳೆದು ಬಿಡಿಸಿ ತಿರುಗಿಸಬೇಕು. ಊರಿಗೆ ಹೋದಾಗ ಅಪ್ಪ ಕೇಳಿದ ಮೊದಲ ಪ್ರಶ್ನೆ, "ತಿರುಗಿಸಿದ್ರೆ ಚಾರ್ಜ್ ಆಗುತ್ತಾ ಪುಟ್ಟಿ?" ಅಂತ. ನೋಡಿದವರೆಲ್ಲ ಇದನ್ನೇ ಕೇಳುತ್ತಾರೆ. ಆಗುವುದಿಲ್ಲ. ಚಾರ್ಜ್‌ಗೆ ಮಾಮೂಲಿ ಯುಎಸ್‌ಬಿ ಸಿ ವೈರ್ ಇದೆ. ಹಿಡಿ ಇರುವುದು ಆಡುವುದಕ್ಕೆ ಮಾತ್ರ. ಎಷ್ಟು ಡಿಗ್ರಿ ತಿರುಗಿದೆ ಅಂತ ಯಂತ್ರಕ್ಕೆ ನಿಖರವಾಗಿ ಗೊತ್ತಾಗುತ್ತದೆ, ಹಾಗಾಗಿ ಬಟನ್ ಒತ್ತಿದ ಹಾಗಲ್ಲ, ನಿಧಾನ, ಜೋರು, ಹಿಂದೆ, ಮುಂದೆ ಎಲ್ಲ ಕೈಗೆ ಸಿಗುತ್ತದೆ. ಕ್ರ್ಯಾಂಕಿನ್ಸ್ ಟೈಮ್ ಟ್ರಾವೆಲ್ ಅಡ್ವೆಂಚರ್ ಆಡಿದಾಗ ಇದು ಸರಿಯಾಗಿ ಅರ್ಥ ಆಯಿತು. ಗೆಳತಿಯನ್ನು ನೋಡಲು ಓಡುವವನೊಬ್ಬ. ಹಿಡಿ ಮುಂದೆ ತಿರುಗಿಸಿದರೆ ಅವನ ಸಮಯ ಮುಂದೆ, ಹಿಂದೆ ತಿರುಗಿಸಿದರೆ ಹಿಂದೆ. ಎದುರು ಬರುವ ಚಿಟ್ಟೆ, ಹಂದಿಗಳಿಗೆ ಮಾತ್ರ ನಮ್ಮ ಹಿಡಿಯ ಲೆಕ್ಕ ಇಲ್ಲ, ಅವು ತಮ್ಮ ಪಾಡಿಗೆ ಬರುತ್ತಲೇ ಇರುತ್ತವೆ. ಅವನು ಹೂ ಮೂಸಲು ಬಗ್ಗಿದ ಗಳಿಗೆಗೆ ಸರಿಯಾಗಿ ಚಿಟ್ಟೆ ತಲೆಯ ಮೇಲೆ ಹಾರಿಹೋಗುವಂತೆ ತಿರುಗಿಸಬೇಕು. ಎರಡು ಬಟನ್ನಿನಲ್ಲಿ ಈ ಆಟ ಮಾಡಲು ಆಗುವುದೇ ಇಲ್ಲ.

ಎಲ್ಲ ಆಟದಲ್ಲೂ ಹಿಡಿಗೆ ಇಷ್ಟು ಕೆಲಸ ಇಲ್ಲ. ಕೆಲವು ಆಟಗಳಲ್ಲಿ ಅದನ್ನು ಮುಟ್ಟುವುದೇ ಇಲ್ಲ.

ಇನ್ನು ಪರದೆ. ಕೊಳ್ಳುವ ಮುಂಚೆ ಇದನ್ನು ಪೂರ್ತಿ ಓದಿ, ಯಾಕೆಂದರೆ ಸುಮಾರು ಜನ ಬೇಸರ ಪಡುವುದು ಇಲ್ಲೇ. 2.7 ಇಂಚು, 400 ಗುಣಿಸು 240 ಚುಕ್ಕಿ, ಶಾರ್ಪ್ ಕಂಪನಿಯ ಮೆಮೊರಿ ಎಲ್‌ಸಿಡಿ. ಚುಕ್ಕಿ ಒಂದೋ ಕಪ್ಪು, ಇಲ್ಲವೋ ಬಿಳಿ. ನಡುವಿನ ಬೂದು ಕೂಡ ಇಲ್ಲ. ಜಾತ್ರೆಯಲ್ಲಿ ಕೊಳ್ಳುತ್ತಿದ್ದ ಬ್ರಿಕ್ ಗೇಮ್ ನೆನಪಾಗುತ್ತದೆ ಅಲ್ವಾ? ಆದರೆ ಗೆರೆಗಳು ಎಷ್ಟು ಚೊಕ್ಕ ಅಂದರೆ, ಒಳ್ಳೆಯ ಕಾಗದದ ಮೇಲೆ ಅಚ್ಚು ಹಾಕಿದ ಹಾಗಿದೆ. ಮತ್ತೆ, ಇದಕ್ಕೆ ಹಿಂದಿನಿಂದ ಬೆಳಕು ಇಲ್ಲ. ಇಲ್ಲವೇ ಇಲ್ಲ. ಪುಸ್ತಕ ಓದಲು ಎಷ್ಟು ಬೆಳಕು ಬೇಕೋ ಅಷ್ಟು ಬೆಳಕು ಇದಕ್ಕೂ ಬೇಕು.

ನನಗೆ ಇದು ಬಂದದ್ದು ನವೆಂಬರ್‌ನಲ್ಲಿ ಅಂದೆನಲ್ಲ. ಇಲ್ಲಿ ಆಗ ಮಳೆಗಾಲ, ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ಮಗಳನ್ನು ಮಲಗಿಸಿ, ದೀಪ ಆರಿಸಿ, ಹಾಸಿಗೆಯಲ್ಲಿ ಒಂದರ್ಧ ಗಂಟೆ ಆಡೋಣ ಅಂದುಕೊಂಡರೆ ಆಗುತ್ತಿರಲಿಲ್ಲ. ಆನ್‌ಲೈನ್‌ನಲ್ಲಿ ಯಾರೋ ಮಾರುತ್ತಿದ್ದ ಕ್ಲಿಪ್ ಲೈಟ್ ತರಿಸಿದೆ. ಅದರ ಬೆಳಕು ಗಾಜಿಗೆ ಬಡಿದು ನೇರ ಕಣ್ಣಿಗೆ ಹೊಡೆಯುತ್ತಿತ್ತು, ಎರಡು ದಿನಕ್ಕೆ ತೆಗೆದಿಟ್ಟೆ. ಆ ಚಳಿಗಾಲದಲ್ಲಿ ನಾನು ಆಡಿದ್ದು ಹೆಚ್ಚಾಗಿ ಮ್ಯಾಕ್ಸ್ ರೈಲಿನಲ್ಲಿ. ಹಿಲ್ಸ್‌ಬರೋದಿಂದ ಪೋರ್ಟ್‌ಲ್ಯಾಂಡಿಗೆ ಹೋಗುವ ನೀಲಿ ಮಾರ್ಗ. ವಾಷಿಂಗ್ಟನ್ ಪಾರ್ಕ್ ಹತ್ತಿರ ರೈಲು ಬೆಟ್ಟದೊಳಗಿನ ಉದ್ದದ ಸುರಂಗಕ್ಕೆ ಹೋಗುತ್ತದೆ. ಹೊರಗೆ ಮೋಡದ ಬೆಳಕಿದ್ದಾಗ ಯಂತ್ರವನ್ನು ಕಿಟಕಿ ಕಡೆ ಓರೆ ಹಿಡಿಯಬೇಕು, ಸುರಂಗಕ್ಕೆ ಹೋದ ತಕ್ಷಣ ಮೇಲಿನ ಟ್ಯೂಬ್‌ಲೈಟಿನ ಕಡೆಗೆ. ಒಂದೆರಡು ವಾರದಲ್ಲಿ ಕೈಗೆ ತಾನಾಗಿ ಅಭ್ಯಾಸವಾಯಿತು. ಆದರೂ ಹೇಳುತ್ತೇನೆ, ನಿಮಗೆ ಬಿಡುವು ಸಿಗುವುದು ರಾತ್ರಿ ಹಾಸಿಗೆಯಲ್ಲಿ ಮಾತ್ರ ಅನ್ನುವುದಾದರೆ ಇದು ನಿಮಗಲ್ಲ.

ಆಮೇಲೆ ಮರುವರ್ಷ ಬೇಸಿಗೆ ರಜೆಗೆ ಹಾಸನಕ್ಕೆ ಹೋದೆವು. ಮನೆ ಮುಂದಿನ ಜಗಲಿ, ಬೆಳಗ್ಗೆ ಹತ್ತರ ಬಿಸಿಲು. ಎಲ್ಲರೂ ಫೋನ್ ಪರದೆಗೆ ಕೈ ಅಡ್ಡ ಹಿಡಿದು ನೋಡುವ ಹೊತ್ತಿನಲ್ಲಿ ಇದರ ಪರದೆ ಬೆಳ್ಳಿ ತಟ್ಟೆ ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು. ಅವತ್ತೇ ಇದನ್ನು ಮೊದಲ ಸಲ ಸರಿಯಾಗಿ ನೋಡಿದೆ ಅನ್ನಿಸಿತು. ಅಪ್ಪ ಜಗಲಿಯಲ್ಲಿ ಕೂತು ಫ್ಲಿಪ್ಪರ್ ಲಿಫ್ಟರ್ ಆಡಿದರು. ಪೆಂಗ್ವಿನ್‌ಗಳನ್ನು ಲಿಫ್ಟ್‌ನಲ್ಲಿ ಕೂರಿಸಿ, ಹಿಡಿ ತಿರುಗಿಸಿ, ಅವು ಹೇಳಿದ ಮಹಡಿಗೆ ಬಿಡುವುದು. ಅಷ್ಟೇ ಆಟ. ವಿಡಿಯೋ ಗೇಮ್ ಒಮ್ಮೆಯೂ ಮುಟ್ಟದ 68ರ ಮನುಷ್ಯರು ಊಟಕ್ಕೆ ಕರೆದರೂ ಏಳಲಿಲ್ಲ.

ಆಟಗಳ ವಿಷಯಕ್ಕೆ ಬರುತ್ತೇನೆ. ಯಂತ್ರದ ಬೆಲೆಯಲ್ಲೇ ಮೊದಲ ಸೀಸನ್ ಸೇರಿದೆ. 24 ಆಟ, ವಾರಕ್ಕೆ ಎರಡರಂತೆ 12 ವಾರ. ಯಾವುದು ಬರುತ್ತದೆ ಅಂತ ಮುಂಚೆ ಹೇಳುವುದಿಲ್ಲ. ಒಂದು ದಿನ ಮೇಲಿನ ಪುಟ್ಟ ದೀಪ ಮಿನುಗುತ್ತದೆ, ತೆರೆದರೆ ಉಡುಗೊರೆ ಕಾಗದ ಸುತ್ತಿದ ಹೊಸ ಆಟ. ಮೊದಲ ವಾರದಲ್ಲಿ ಬಂದದ್ದು ಅಲೆಯ ಮೇಲೆ ಹಲಗೆ ಜಾರಿಸುವ ವೈಟ್‌ವಾಟರ್ ವೈಪ್‌ಔಟ್, ಹಕ್ಕಿಗಳ ಫೋಟೋ ತೆಗೆಯುವ ಕ್ಯಾಶುಯಲ್ ಬರ್ಡರ್. ಎರಡನೆಯದರಲ್ಲಿ ಹಿಡಿ ತಿರುಗಿಸಿ ಕ್ಯಾಮೆರಾ ಫೋಕಸ್ ಮಾಡಬೇಕು.

24ರಲ್ಲಿ ನನಗೆ ತುಂಬಾ ಹಿಡಿಸಿದ್ದು ಆರೇಳು. ಇನ್ನೊಂದು ಎಂಟು ಪರವಾಗಿಲ್ಲ. ಉಳಿದವು ನನಗೆ ಅಂಟಲಿಲ್ಲ, ಕೆಲವಂತೂ ಹತ್ತು ನಿಮಿಷದಲ್ಲಿ ಮುಚ್ಚಿದೆ. ಈ ಲೆಕ್ಕ ಕಡಿಮೆ ಅನ್ನಿಸಬಹುದು. ಆದರೆ ಆ ಮೂರು ತಿಂಗಳು ನಾವು ಕಾದ ರೀತಿ ಇದೆಯಲ್ಲ, ಅದನ್ನು ಲೆಕ್ಕಕ್ಕೆ ಹಾಕಲೇಬೇಕು. ನೂರಾರು ಆಟ ಒಟ್ಟಿಗೆ ತುಂಬಿಕೊಟ್ಟರೆ ನಾನು ಯಾವುದನ್ನೂ ಪೂರ್ತಿ ಆಡುವುದಿಲ್ಲ, ಒಂದೊಂದನ್ನೇ ತೆರೆದು ತೆರೆದು ನೋಡಿ ಕೊನೆಗೆ ಸುಮ್ನೆ ಆಫ್ ಮಾಡಿ ಇಡುತ್ತೇನೆ. ವಾರಕ್ಕೆ ಎರಡೇ ಬಂದರೆ ಇಷ್ಟ ಆಗದ್ದಕ್ಕೂ ಒಂದು ಅವಕಾಶ ಕೊಡುತ್ತೇವೆ. ಚಿಕ್ಕಂದಿನಲ್ಲಿ ವಾರಪತ್ರಿಕೆಯ ಧಾರಾವಾಹಿಗೆ ಕಾಯುತ್ತಿದ್ದೆವಲ್ಲ, ಅದೇ ಥರ.

2023ರ ಮಾರ್ಚ್‌ನಲ್ಲಿ ಯಂತ್ರದೊಳಗೇ ಕ್ಯಾಟಲಾಗ್ ಅನ್ನುವ ಅಂಗಡಿ ಬಂತು. ಹೆಚ್ಚಿನ ಆಟಗಳು ಹತ್ತು ಡಾಲರಿನ ಒಳಗೆ ಸಿಗುತ್ತವೆ. ಅಲ್ಲಿ ಮೊದಲು ತಗೊಳ್ಳಬೇಕಾದ್ದು ಲೂಕಸ್ ಪೋಪ್ ಮಾಡಿದ ಮಾರ್ಸ್ ಆಫ್ಟರ್ ಮಿಡ್‌ನೈಟ್. ಮಂಗಳ ಗ್ರಹದಲ್ಲಿ ನಡುರಾತ್ರಿ ನಡೆಯುವ ಒಂದು ಸಹಾಯ ಕೇಂದ್ರ. ಬಾಗಿಲು ತಟ್ಟುತ್ತಾರೆ, ಹಿಡಿ ತಿರುಗಿಸಿ ಕಿಂಡಿ ತೆರೆದು ಮುಖ ನೋಡಬೇಕು, ಒಳಗೆ ಬಿಡಬೇಕಾ ಬೇಡ್ವಾ ತೀರ್ಮಾನಿಸಬೇಕು. ಕಪ್ಪು ಬಿಳಿಯಲ್ಲಿ ಅಷ್ಟೊಂದು ಮುಖಗಳು, ಒಂದರ ಹಾಗೆ ಇನ್ನೊಂದಿಲ್ಲ. ಎರಡನೇ ಸೀಸನ್ 2025ರ ಮೇ ಕೊನೆಯಲ್ಲಿ ಶುರುವಾಯಿತು, 39 ಡಾಲರ್, 12 ಆಟ. ಅದರ ಜೊತೆ ಬ್ಲಿಪ್ಪೋ ಪ್ಲಸ್ ಅಂತ ಒಂದು ಬಂತು. ಬೇರೆ ಗ್ರಹದ ಟಿವಿ ಚಾನೆಲ್‌ಗಳನ್ನು ಬದಲಿಸುತ್ತಾ ನೋಡುವುದು. ನನಗೆ ಅದಕ್ಕಿಂತ ಫಲ್‌ಕ್ರಮ್ ಡಿಫೆಂಡರ್ ಅನ್ನುವ ಆಟ ಇಷ್ಟ ಆಯಿತು, ಇವತ್ತಿಗೂ ರೈಲಿನಲ್ಲಿ ಅದೇ.

ಬ್ಯಾಟರಿ ಆಡುತ್ತಿದ್ದರೆ ಎಂಟು ಗಂಟೆ ಅಂತ ಕಂಪನಿ ಹೇಳುತ್ತದೆ. ದಿನಕ್ಕೆ ನಲವತ್ತು ನಿಮಿಷ ಆಡುವ ನಾನು ವಾರಕ್ಕೊಮ್ಮೆ ಚಾರ್ಜ್‌ಗೆ ಹಾಕುತ್ತೇನೆ. ಸ್ಪೀಕರ್ ಒಂದೇ, ಚಿಕ್ಕದು, ರೈಲಿನ ಸದ್ದಿನಲ್ಲಿ ಸಾಲದು. ಇಯರ್‌ಫೋನ್ ಸಿಕ್ಕಿಸುವ ತೂತು ಇದೆ, ದೊಡ್ಡ ಉಪಕಾರ.

ಈಗ ನಾನು ಇದನ್ನು ಇಷ್ಟು ಹಚ್ಚಿಕೊಂಡಿರುವುದಕ್ಕೆ ನಿಜವಾದ ಕಾರಣ. ಇದಕ್ಕೆ ಆಟ ಬರೆಯುವ ಸಲಕರಣೆಗಳನ್ನು ಪ್ಯಾನಿಕ್ ಪುಕ್ಕಟೆ ಕೊಡುತ್ತದೆ. ಬ್ರೌಸರಿನಲ್ಲೇ ಆಟ ಮಾಡುವ ಪಲ್ಪ್ ಇದೆ. ಸ್ವಲ್ಪ ಕೋಡ್ ಬರುವವರಿಗೆ ಲುವಾ, ಸಿ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಎರಡೂ ಇವೆ. ನಾವು ಮಾಡಿದ್ದನ್ನು ಯಾರ ಅನುಮತಿಯೂ ಇಲ್ಲದೆ ನಮ್ಮ ಯಂತ್ರಕ್ಕೆ ಹಾಕಿಕೊಳ್ಳಬಹುದು. ನನ್ನದು ಟೆಸ್ಟಿಂಗ್ ಕೆಲಸ, ಆಟ ಬರೆದು ಅಭ್ಯಾಸ ಇಲ್ಲ. ಆದರೂ ಎರಡು ವಾರಾಂತ್ಯ ಕೂತು ಲುವಾದಲ್ಲಿ ಮಗಳಿಗೆ ಒಂದು ಕಾಗುಣಿತದ ಆಟ ಮಾಡಿದೆ. ಇಲ್ಲಿ ಹುಟ್ಟಿದ ಮಗು, ಕನ್ನಡ ಮಾತಾಡುತ್ತಾಳೆ, ಓದಲು ಬರುತ್ತಿರಲಿಲ್ಲ. ಕ ಇಂದ ಕಃ ವರೆಗೆ 15 ರೂಪ. ಹಿಡಿಯ ಒಂದು ಸುತ್ತು 360 ಡಿಗ್ರಿ. ಒಂದೊಂದು ರೂಪಕ್ಕೆ 24 ಡಿಗ್ರಿ ಹಂಚಿದೆ. ತಿರುಗಿಸಿದ ಹಾಗೆ ಕ, ಕಾ, ಕಿ, ಕೀ ಅಂತ ಪರದೆ ತುಂಬ ಒಂದೊಂದೇ ಬರುತ್ತದೆ, ನನ್ನ ದನಿಯಲ್ಲಿ ಹೇಳುತ್ತದೆ ಕೂಡ. ಹಿಂದೆ ತಿರುಗಿಸಿದರೆ ಹಿಂದೆ. ಒಂದು ಸುತ್ತು ಮುಗಿದರೆ ಖ.

ಯಂತ್ರದ ಮೆನು ಇಂಗ್ಲಿಷ್, ಜಪಾನಿ ಭಾಷೆಗಳಲ್ಲಿ ಮಾತ್ರ ಇದೆ. ಕನ್ನಡದ ಅಕ್ಷರ, ಕೊಂಬು, ಒತ್ತು ಜೋಡಿಸುವುದು ಅದಕ್ಕೆ ಬರುವುದಿಲ್ಲ. ಅದಕ್ಕೇ ಪ್ರತಿಯೊಂದನ್ನೂ ಚಿತ್ರವಾಗಿ ಮಾಡಿ ಹಾಕಬೇಕಾಯಿತು. ಙ, ಞ ಬಿಟ್ಟು 32 ವ್ಯಂಜನ, ಒಟ್ಟು 480 ಚಿತ್ರ. ಕಂಪ್ಯೂಟರ್ ಅದನ್ನೆಲ್ಲ ತೆಗೆದುಕೊಟ್ಟಿತು, ಆದರೆ ಕಪ್ಪು ಬಿಳಿ ಚುಕ್ಕಿಯಲ್ಲಿ ಷ ಮತ್ತು ಪ ಒಂದೇ ಥರ ಕಾಣುತ್ತಿದ್ದವು, ಅಂಥವನ್ನು ಕೈಯಲ್ಲೇ ತಿದ್ದಿದೆ. "ಅಮ್ಮ, ಕೃ ಹತ್ತಿರ ನಿಲ್ಲಿಸ್ತೀನಿ ನೋಡು" ಅಂತ ಕಣ್ಣು ಮುಚ್ಚಿ ತಿರುಗಿಸುತ್ತಾಳೆ. ಸುಮಾರು ಸಲ ಸರಿಯಾಗಿಯೇ ನಿಲ್ಲುತ್ತದೆ. ಕೀಲಿಮಣೆ, ಟಚ್ ಪರದೆ ಯಾವುದರಲ್ಲೂ ಕಾಗುಣಿತ ಹೀಗೆ ಕೈಯೊಳಗೆ ಇಳಿಯುವುದನ್ನು ನಾನು ನೋಡಿಲ್ಲ.

ಹಾಸನದಲ್ಲಿ ಭಾವ ಇದನ್ನು ತಿರುಗಿಸಿ ಮುರುಗಿಸಿ ನೋಡಿ, "ಏನಮ್ಮಾ, ಇಷ್ಟು ದುಡ್ಡು ಕೊಟ್ಟಿದ್ದೀಯ, ಕಲರ್ ಕೂಡ ಇಲ್ವಾ?" ಅಂದರು. ಹದಿಮೂರರ ಮಗನಿಗೆ ಒಂದು ತರಿಸೋಣವಾ ಅಂತಲೂ ಕೇಳಿದರು. ನಾನು ಬೇಡ ಭಾವ ಅಂದೆ. ಆ ಹುಡುಗನಿಗೆ ಬೇಕಾದದ್ದು ಬಣ್ಣ, ವೇಗ, ಗೆಳೆಯರ ಜೊತೆ ಪೈಪೋಟಿ. ಹಳೆಯ ಆಟಗಳೇ ಬೇಕು ಅಂದರೆ ಆನ್‌ಬರ್ನಿಕ್, ಮಿಯೂ ಥರದ ಎಮ್ಯುಲೇಟರ್ ಯಂತ್ರಗಳು, ಅಂದರೆ ಹಳೆಯ ಯಂತ್ರಗಳ ಆಟಗಳನ್ನು ತಮ್ಮಲ್ಲೇ ಓಡಿಸುವಂಥವು, ಇದರ ಅರ್ಧ ಬೆಲೆಗೂ ಕಡಿಮೆಯಲ್ಲಿ ಸಿಗುತ್ತವೆ, ಒಳಗಿನಿಂದ ಬೆಳಗುವ ಬಣ್ಣದ ಪರದೆ ಇದೆ, ಕತ್ತಲಲ್ಲೂ ಆಡಬಹುದು. ಪ್ಲೇಡೇಟ್‌ಗೂ ಯಾರೋ ಗೇಮ್ ಬಾಯ್ ಎಮ್ಯುಲೇಟರ್ ಬರೆದಿದ್ದಾರೆ ನಿಜ, ಆದರೆ ಅದಕ್ಕೋಸ್ಕರ ಇದನ್ನು ಕೊಳ್ಳುವುದರಲ್ಲಿ ಅರ್ಥ ಇಲ್ಲ.

ಅಕ್ಕನ ವಿಷಯ ಬೇರೆ. ಅವಳು ಚಿತ್ರ ಬರೆಯುವವಳು, ಹೊಸದೇನಾದರೂ ಕೈಯಲ್ಲಿ ಮಾಡುತ್ತಲೇ ಇರಬೇಕು, ಮಧ್ಯಾಹ್ನ ಎರಡು ಗಂಟೆ ಬಿಡುವು ಇರುತ್ತದೆ, ಕೂರುವುದು ಕಿಟಕಿ ಪಕ್ಕ. ಅವಳಿಗೆ ತಗೋ ಅಂದೆ. ಭಾರತದಲ್ಲಿ ಕೂತು ತರಿಸಿಕೊಳ್ಳುವವರು ಬೆಲೆಯ ಮೇಲೆ ಸಾಗಣೆ, ಕಸ್ಟಮ್ಸ್ ಎರಡನ್ನೂ ಸೇರಿಸಿ ಲೆಕ್ಕ ಹಾಕಿ, ರಿಪೇರಿಗೆ ಮತ್ತೆ ಅಷ್ಟು ದೂರ ಕಳಿಸಬೇಕಾಗುತ್ತದೆ ಅನ್ನುವುದನ್ನೂ ಯೋಚಿಸಿ. ಈ ಸಲ ರಜೆಗೆ ಹೋಗುವಾಗ ಅಕ್ಕನದನ್ನು ನಾನೇ ಹಿಡಿದುಕೊಂಡು ಹೋಗುತ್ತಿದ್ದೇನೆ. ಕಾಗುಣಿತದ ಆಟವನ್ನು ಅದರಲ್ಲಿ ಹಾಕಿಟ್ಟಿದ್ದೇನೆ. ಒತ್ತಕ್ಷರದ ಚಿತ್ರಗಳನ್ನು ಅವಳು ಬರೆದುಕೊಡುತ್ತೇನೆ ಅಂದಿದ್ದಾಳೆ.